ಕೆಂಪು ನಲ್ಲಿಯ ತಣ್ಣೀರು

೨೦೧೬ರ ಮೇ ೨೨, ಭಾನುವಾರ, ಬೆಳಿಗ್ಗೆ ೭.೪೦. ಮಸ್ಕತ್ ಹೊರವಲಯದ ಅಲ್ ಖೌದ್‌ನಲ್ಲಿ ನಾವು ಏಸಿ ವ್ಯವಸ್ಥೆ ಅಳವಡಿಸಿದ್ದ ಹನ್ನೊಂದು ಮಹಡಿಯ ವಸತಿ ಕಟ್ಟಡದ ಮಾಲೀಕರು ಫೋನ್ ಮಾಡಿದರು. "ರಂಜಾನ್ ಒಳಗೆ ಆ ಸದ್ದು ನಿಲ್ಲಬೇಕು. ಇಲ್ಲದಿದ್ದರೆ ಖಲಾಸ್." ಖಲಾಸ್ ಎಂದರೆ ಮುಗಿಯಿತು. ರಂಜಾನಿಗೆ ಉಳಿದಿದ್ದದ್ದು ಎರಡು ವಾರ.

ನಾನಾಗ ಮೈಸೂರಿನಿಂದ ಹೋಗಿ ಎರಡನೆಯ ವರ್ಷದಲ್ಲಿದ್ದ ಎಂಜಿನಿಯರ್. ತೈಲದ ಬೆಲೆ ಕುಸಿದು ನಮ್ಮ ಕಂಪನಿಯ ಅರ್ಧ ಮೇಜುಗಳು ಖಾಲಿಯಾಗಿದ್ದವು. ಏಸಿ ವಿಭಾಗಕ್ಕೆ ಉಳಿದಿದ್ದದ್ದು ಈ ಒಂದೇ ಕೆಲಸ. ಮಾಲೀಕರು ಒಪ್ಪಿಗೆಯ ಸಹಿ ಹಾಕದೆ ಮನೆಮನೆಗೂ ಸ್ಪ್ಲಿಟ್ ಏಸಿ ಹಾಕಿಸಿಕೊಂಡರೆ ವಿಭಾಗವೇ ಮುಚ್ಚುತ್ತಿತ್ತು. ಅದರ ಮುಖ್ಯಸ್ಥರು ಬಾಗಲಕೋಟೆಯ ಪಾಟೀಲ ಸರ್. ಅವರ ಮಗಳು ಆಗಷ್ಟೇ ಹತ್ತನೆಯ ತರಗತಿಗೆ ಬಂದಿದ್ದಳು. ವೀಸಾ ರದ್ದಾದರೆ ಅವಳನ್ನು ನಡುವರ್ಷದಲ್ಲಿ ಶಾಲೆ ಬಿಡಿಸಬೇಕಿತ್ತು.

ವ್ಯವಸ್ಥೆ ಪಾಟೀಲ ಸರ್ ಅವರದೇ ವಿನ್ಯಾಸ. ಚಿಲ್ಲರ್ ಎಂಬ ಯಂತ್ರ ನೀರನ್ನು ತಂಪುಮಾಡಿ ಎಲ್ಲ ಫ್ಲ್ಯಾಟ್‌ಗಳಿಗೂ ಕಳಿಸುತ್ತದೆ. ಕೋಣೆಗಳಿಂದ ಎಳೆದುಕೊಂಡ ಬಿಸಿಯನ್ನು ಸಾಮಾನ್ಯವಾಗಿ ತಾರಸಿಯ ಫ್ಯಾನುಗಳು ಗಾಳಿಗೆ ಊದಿಬಿಡುತ್ತವೆ. ಇಲ್ಲಿ ಆ ಬಿಸಿಯ ಒಂದು ಪಾಲು ಮೊದಲು ನೆಲಮಾಳಿಗೆಯಲ್ಲಿದ್ದ ಸ್ನಾನದ ನೀರಿನ ಎರಡು ಟ್ಯಾಂಕ್‌ಗಳನ್ನು ಕಾಯಿಸುತ್ತಿತ್ತು. ಗೀಸರ್ ಬೇಡ, ಫ್ಯಾನುಗಳೂ ನಿಧಾನ ತಿರುಗಿದರೆ ಸಾಕು. ವಿದ್ಯುತ್ತೂ ಕಡಿಮೆ, ಸದ್ದೂ ಕಡಿಮೆ. ಫೆಬ್ರುವರಿಯಲ್ಲಿ ಚಾಲೂ ಮಾಡಿದಾಗ ಹಾಗೇ ನಡೆದಿತ್ತು.

ಮೂರು ದಿನ ನಾನು ತಾರಸಿಯಲ್ಲೇ ಇದ್ದೆ. ಬೇರಿಂಗ್, ರಬ್ಬರ್ ಪ್ಯಾಡ್, ಫ್ಯಾನಿನ ಅಲಗು ಎಲ್ಲ ಸರಿಯಿದ್ದವು. ಆದರೂ ಫ್ಯಾನುಗಳು ಪೂರ್ತಿ ವೇಗದಲ್ಲಿ ಓಡುತ್ತಿದ್ದವು. ಮೇಲಿನ ಮಹಡಿಯ ಮಲಗುವ ಕೋಣೆಯಲ್ಲಿ ೪೮ ಡೆಸಿಬೆಲ್ ಎಂದು ಬರೆದುಕೊಂಡೆ; ನಿದ್ದೆಗೆ ಅದು ೩೫ ದಾಟಬಾರದು.

ನಾಲ್ಕನೆಯ ದಿನ ಪಾಟೀಲ ಸರ್ ಬಂದರು. "ತಾರಸಿ ಮ್ಯಾಲ ಎಷ್ಟ್ ಸುಟಗೋತೀಯೋ? ಬಾ, ನಿದ್ದಿ ಇಲ್ದವ್ರ ಮನಿಯಾಗ ಕೂಡೂಣು" ಎಂದು ಆ ಕೋಣೆಯಲ್ಲಿದ್ದ ಅಜ್ಜಿಯ ಬಳಿಗೇ ಕರೆದೊಯ್ದರು. ಅವರು ಮಾಲೀಕರ ತಾಯಿ.

"ಸಾರಾ ದಿನ್ ಗುಂಯ್ ಗುಂಯ್!" ಎಂದು ಅಜ್ಜಿ ತಾರಸಿಯತ್ತ ಕೈ ತೋರಿದರು. "ಸತ್ತ ಮೇಲಾದರೂ ಮಲಗಲು ಬಿಡ್ತೀರಾ?" ಎಂದು ಹಿಂದಿಯಲ್ಲೇ ಗದರಿ, ಖರ್ಜೂರ ಮುಂದಿಟ್ಟು, ಕಹ್ವಾ ಎಂಬ ಅರಬ್ಬೀ ಕಾಫಿ ಬಗ್ಗಿಸಿದರು.

ತಿಂದಾದ ಮೇಲೆ ಪಾಟೀಲ ಸರ್ ಅಂಟು ಕೈ ತೊಳೆಯಲು ಎದ್ದರು. ಗಲ್ಫ್‌ನ ಬೇಸಿಗೆಯಲ್ಲಿ ತಾರಸಿ ಟ್ಯಾಂಕಿನ ನೀರು ಕೈ ಸುಡುತ್ತದೆ. ಅದಕ್ಕೇ ಎಲ್ಲರೂ ಗೀಸರ್ ಆಫ್ ಮಾಡಿಬಿಡುತ್ತೇವೆ. ಏಸಿಯ ತಂಪಿನಲ್ಲಿರುವ ಗೀಸರಿನ ನೀರೇ ತಣ್ಣೀರು, ಅದು ಬರುವುದು ಬಿಸಿನೀರಿನ ಕೆಂಪು ನಲ್ಲಿಯಲ್ಲಿ. ಸರ್ ಅಭ್ಯಾಸದಂತೆ ಕೆಂಪು ನಲ್ಲಿ ತಿರುಗಿಸಿದರು. ತಣ್ಣಗೆ ಬಂತು. ಕೈ ಅಲ್ಲೇ ನಿಂತಿತು.

"ಇದು ಸುಡಬೇಕಾಗಿತ್ತಲ್ಲೋ!"

ಓಡಿ ತಂಪಾದ ನೆಲಮಾಳಿಗೆಗೆ ಇಳಿದೆವು. ಟ್ಯಾಂಕಿಗೆ ಬಿಸಿ ಒಯ್ಯುವ ಪಂಪು ನಿಂತಿತ್ತು. ಕಟ್ಟಡ ನೋಡಿಕೊಳ್ಳುತ್ತಿದ್ದ ಪುತ್ತೂರಿನ ಹಮೀದ್ ಮುಚ್ಚುಮರೆ ಮಾಡಲಿಲ್ಲ. "ನಾನೇ ಆಫ್ ಮಾಡಿದ್ದು ಸರ್. ಮೇ ಬಂದ್ರೆ ಎಲ್ಲಾ ಬಿಲ್ಡಿಂಗಲ್ಲೂ ಆಫ್ ಮಾಡುದಲ್ವಾ? ಈ ಸೆಕೆಗೆ ಬಿಸಿನೀರು ಯಾರಿಗೆ ಬೇಕು ಮಾರಾಯ್ರೆ?"

ಬಿಸಿಗೆ ಹೋಗಲು ಬೇರೆ ದಾರಿ ಇರಲಿಲ್ಲ. ಅಷ್ಟನ್ನೂ ಫ್ಯಾನುಗಳೇ ಊದಬೇಕಿತ್ತು. ನಾನು ಪಂಪಿನ ಸ್ವಿಚ್‌ಗೆ ಕೈ ಹಾಕಿದೆ. ಸರ್ ತಡೆದರು. "ಈಗ ಹಚ್ಚಿದ್ರ ನಾಳೆ ಮಂದಿ ಮತ್ತ ಬಂದ್ ಮಾಡಸ್ತಾರ. ಹಮೀದಂದು ತಪ್ಪಿಲ್ಲ. ನಮ್ಮನಿಯಾಗೂ ಹಂಗ ಮಾಡ್ತೀವಿ. ಇಷ್ಟ್ ವರ್ಷ ಇಲ್ಲೇ ಇದ್ದು, ಡ್ರಾಯಿಂಗ್ ಮಾತ್ರ ಬ್ಯಾರೆ ದೇಶಕ್ಕ ಮಾಡೀನಿ ನೋಡು."

ಅದೇ ಕಟ್ಟಡದ ನೆಲಮಹಡಿಯಲ್ಲೊಂದು ಲಾಂಡ್ರಿಯಿತ್ತು. ಅದಕ್ಕೆ ಬೇಸಿಗೆಯಲ್ಲೂ ಬಿಸಿನೀರು ಬೇಕು, ವಿದ್ಯುತ್ತಿನಲ್ಲಿ ಕಾಯಿಸಿಕೊಳ್ಳುತ್ತಿತ್ತು. ನಮ್ಮಲ್ಲಿದ್ದದ್ದು ಎರಡು ಟ್ಯಾಂಕ್. ಒಂದನ್ನು ಕಾಯಿಸಿ ಲಾಂಡ್ರಿಗೆ ಪೈಪ್ ಎಳೆದೆವು. ಇನ್ನೊಂದನ್ನು ಕಾಯಿಸದೆ, ಫ್ಲ್ಯಾಟ್‌ಗಳ ಕೆಂಪು ನಲ್ಲಿಗೆ ತಣ್ಣಗೇ ಬಿಟ್ಟೆವು. ನಿಂತ ನೀರಿನಲ್ಲಿ ರೋಗಾಣು ಬೆಳೆಯದಂತೆ ವಾರಕ್ಕೊಮ್ಮೆ ಅದನ್ನೂ ಚೆನ್ನಾಗಿ ಕಾಯಿಸಿ ಹರಿಸುವ ಕೆಲಸ ಹಮೀದ್ ಪಾಲಿಗೆ ಬಂತು. ಚಳಿಗಾಲ ಬಂದರೆ ಎರಡೂ ಬಿಸಿ.

ಜೂನ್ ೧, ಬುಧವಾರ. ಫ್ಯಾನುಗಳು ಮತ್ತೆ ನಿಧಾನ ತಿರುಗುತ್ತಿದ್ದವು, ಅಜ್ಜಿಯ ಕೋಣೆಯಲ್ಲಿ ೩೪ ಡೆಸಿಬೆಲ್. ಮಾಲೀಕರು ಬಂದು ಕಿವಿಗೊಟ್ಟರು. "ಮಷೀನ್ ಬಂದ್ ಮಾಡಿದ್ದೀರಾ?" ಎಂದು ಅನುಮಾನಿಸಿ ಏಸಿಯ ಕಿಂಡಿಗೆ ಕೈಯೊಡ್ಡಿದರು. ತಣ್ಣನೆಯ ಗಾಳಿ ಬರುತ್ತಿತ್ತು.

"ಖಲಾಸ್" ಎಂದರು. ಕೆಲಸ ಹೋಯಿತೆಂದುಕೊಂಡೆ. ಆದರೆ ಅವರು ಒಪ್ಪಿಗೆಯ ಸಹಿಗೆ ಪೆನ್ನು ಕೇಳುತ್ತಿದ್ದರು. ಅಜ್ಜಿ ಆಗಲೇ ಗೋಡೆಗೆ ಒರಗಿ ನಿದ್ದೆಹೋಗಿದ್ದರು.

ಪಾಟೀಲ ಸರ್ ಮಗಳು ಮರುವರ್ಷ ಮಸ್ಕತ್‌ನಲ್ಲೇ ಪರೀಕ್ಷೆ ಬರೆದಳು. ಯಂತ್ರವನ್ನು ಬಿಚ್ಚುವ ಮೊದಲು ಅದರ ಜೊತೆ ಬದುಕುವವರ ಮನೆಯಲ್ಲಿ ಕೂತು ಬರಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ. ಕಾಯಿಸದ ಟ್ಯಾಂಕಿಗೆ ನಾವು ಕಂಡುಕೊಂಡ ವಾರದ ಉಪಾಯಕ್ಕಿಂತ ಒಳ್ಳೆಯದೊಂದು ಇದ್ದೇ ಇರಬೇಕು. ಒಮಾನಿನ ದುಕ್ಮ್‌ನಲ್ಲೋ ಸೂರ್‌ನಲ್ಲೋ ಕೆಂಪು ನಲ್ಲಿಯ ತಣ್ಣೀರನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಕಟ್ಟಡ ಕಟ್ಟಿದವರಿದ್ದರೆ, ದಯವಿಟ್ಟು ಬರೆದು ತಿಳಿಸಿ.