ಪರ್ಮಿಸಿಬಲ್ ಲಿಮಿಟ್ಟಿನೊಳಗೊಂದು ಬಾಣಂತನ

ಚೊಚ್ಚಲ ಹೆರಿಗೆ ಎಲ್ಲಿ ಆಗಬೇಕು? ಇದೂ ಒಂದು ಪ್ರಶ್ನೆಯೇ, ತವರುಮನೆಯಲ್ಲಿ ಅಂತೀರಿ. ಮೊನ್ನೆಯವರೆಗೂ ನಾನು ಹಾಗೇ ಅಂದುಕೊಂಡಿದ್ದೆ.

ನಮ್ಮಕ್ಕ ಇರುವುದು ಕೊಪ್ಪಳದ ಪಕ್ಕದ ಒಂದು ಫ್ಯಾಕ್ಟರಿ ಊರಲ್ಲಿ. (ಹೆಸರು ಬೇಡ. ಭಾವನ ನೌಕರಿ ಅದೇ ಫ್ಯಾಕ್ಟರಿಯಲ್ಲಿದೆ.) ಇರುವ ಒಬ್ಬಳೇ ಮಗಳು ರೇಣುಕಾಳನ್ನು ಕುಷ್ಟಗಿಗೆ ಕೊಟ್ಟಿದ್ದಾರೆ. ಕುಬಸ, ಅಂದರೆ ಸೀಮಂತ ಮುಗಿಸಿ ಅವಳನ್ನು ಕರೆತರಲೆಂದು ಅಕ್ಕ ಕೋಣೆ ಸಜ್ಜು ಮಾಡಿದ್ದಳು. ಗೋಡೆಗೆ ಹೊಸ ಸುಣ್ಣ. ಕಿಟಕಿಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೊಂದು ಹಳೆ ಸೀರೆ, ಬಾಗಿಲ ಸಂದಿಗೆ ಒದ್ದೆ ಬಟ್ಟೆ. ಇಷ್ಟಾದರೂ ಬೆಳಗ್ಗೆ ತೊಟ್ಟಿಲು ಒರೆಸಿದರೆ ಅರಿವೆ ಕರ್ರಗಾಗುತ್ತಿತ್ತು.

ಕುಷ್ಟಗಿಯಲ್ಲಿ ಕುಬಸದ ಊಟವಾದ ಮೇಲೆ ರೇಣುಕಾಳ ಅತ್ತೆ ಅಕ್ಕನ ಕೈ ಹಿಡಿದುಕೊಂಡರು.

"ಸಿಟ್ಟಾಗಬ್ಯಾಡ್ರಿ ಬೀಗರ. ನಿಮ್ಮ ಮನ್ಯಾಗ ನಾ ಎರಡ ದಿನ ಇದ್ದೆ, ಮೂಗು ಒರಸಿದ್ರ ಸೆರಗು ಕರ್ರಗ! ಹಸಿಗೂಸನ್ನ ಅಲ್ಲಿ ಹ್ಯಾಂಗ ಇಡೂದ್ರಿ? ನೀವ ಇಲ್ಲಿಗೆ ಬಂದುಬಿಡ್ರಿ."

ಹೆತ್ತ ಮಗಳ ಬಾಣಂತನ ಬೀಗರ ಮನೆಯಲ್ಲಿ! ಆದರೆ ಆ ಹೆಣ್ಣುಮಗಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ನನಗೆ ತಡೆಯಲಾಗಲಿಲ್ಲ. ಫ್ಯಾಕ್ಟರಿಯ ಪರಿಸರ ವಿಭಾಗದ ಸಾಹೇಬರ ಮುಂದೆ ಹೋಗಿ ಕೂತು, ಅಕ್ಕನ ಮನೆಯ ಧೂಳಿನ ಕಥೆ ಹೇಳಿದೆ. ಒಳ್ಳೆಯ ಮನುಷ್ಯ, ಚಹಾ ತರಿಸಿದರು.

"ಧೂಳು ಪರ್ಮಿಸಿಬಲ್ ಲಿಮಿಟ್ ಒಳಗ ಐತ್ರಿ ಸರ್" ಅಂದರು. ಹಾಗೆಂದರೆ, ಇಷ್ಟು ಧೂಳು ಬಿಡಲು ಕಾನೂನಿನ ಒಪ್ಪಿಗೆ ಇದೆ ಎಂದರ್ಥ. (ಉಸಿರಾಡುವವರ ಒಪ್ಪಿಗೆ ಯಾರು ಕೇಳಿದ್ದರು?) "ಗ್ರೀನ್ ಬೆಲ್ಟ್ ಮಾಡೀವ್ರಿ" ಅಂದರು. ಅದು ಕಾಂಪೌಂಡಿನ ಗುಂಟ ನೆಟ್ಟ ಗಿಡಗಳ ಸಾಲು. (ಎಲೆಯ ಬಣ್ಣ ಕೇಳಬೇಡಿ.) "ಬಾಧಿತ ಕುಟುಂಬಕ್ಕೆಲ್ಲ ಪರಿಹಾರ ಕೊಟ್ಟೀವ್ರಿ" ಅಂದರು.

"ಬಾಧಿತ ಕುಟುಂಬ ಅಂದ್ರ ಯಾರ್ರಿ ಹಂಗಾರ?" ಎಂದು ಕೇಳಿದೆ.

"ನಿಮ್ಮ ಅಕ್ಕಾರ ಹೊಲ ಫ್ಯಾಕ್ಟರಿಗೆ ಹೋಗೇತೇನ್ರಿ?"

"ಇಲ್ಲ."

"ಮನಿ?"

"ಇಲ್ಲ."

"ಮತ್ತ ಅವರು ಬಾಧಿತರಲ್ಲ ಬಿಡ್ರಿ."

ಎಂಥ ಚೊಕ್ಕ ಪದಗಳು! ಒಂದಕ್ಕೂ ಒಂಚೂರು ಮಸಿ ತಾಗಿಲ್ಲ.

ಸಂಜೆ ಭಾವನಿಗೆ ಹೇಳಿದರೆ ಅವರು ಬೆವರಿಬಿಟ್ಟರು. "ಅಲ್ಲಿಗ್ಯಾಕ ಹೋಗಿದ್ದಿ ಮಾರಾಯಾ? ನನ್ನ ಹೆಸರು ಹೇಳಿಲ್ಲ ಹೌದಿಲ್ಲೋ?" ಅವರನ್ನೇನು ಬೈಯಲಿ? ಮಗಳ ಮದುವೆ ಮಾಡಿದ್ದು ಅದೇ ಪಗಾರದಲ್ಲಿ.

ನಿನ್ನೆ ಅಕ್ಕನನ್ನು ಕುಷ್ಟಗಿ ಬಸ್ಸಿಗೆ ಹತ್ತಿಸಿ ಬಂದೆ. ಕೈಯಲ್ಲಿ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ, ಬಟ್ಟೆಯ ಚೀಲ. "ಬೀಗರ ಮನ್ಯಾಗ ತಿಂಗಳಗಟ್ಟಲೆ ಹ್ಯಾಂಗ ಉಣ್ಣಲೋ ತಮ್ಮಾ" ಎಂದು ಕಣ್ಣೀರು ಹಾಕಿದಳು.

ಸಾಹೇಬರೇ, ಅಕ್ಕನ ಮನೆ ಇದ್ದಲ್ಲೇ ಇದೆ, ಒಪ್ಪಿದೆ. ಮಗಳ ತವರು ಹೋಯಿತಲ್ಲ, ಅದಕ್ಕೆ ನಿಮ್ಮಲ್ಲಿ ಏನಂತಾರೆ?