ಅತ್ತೆಯ ಜವಾರಿ ಕೋಳಿ, ನಾಲ್ಕು ಅಕ್ಷರ

ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬಹಳ ನಿದ್ದೆ ಮಾಡುತ್ತಿದ್ದೆ. ರಾಣೆಬೆನ್ನೂರಿನಿಂದ ಮೇಡ್ಲೇರಿ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಗೋವಿನಜೋಳದ ಹೊಲ ಶುರುವಾಗುವ ಕಡೆ ನಮ್ಮ ಮನೆ. ಬೇವಿನ ಮರಗಳ ಸಾಲು ದಾಟಿದರೆ ಮಾವನವರ ಕೋಳಿ ಫಾರಂ. ಮಧ್ಯಾಹ್ನ ಊಟವಾದ ಮೇಲೆ ಸಾವಿರಾರು ಕೋಳಿಗಳ ಸದ್ದು ಒಂದರೊಳಗೊಂದು ಬೆರೆತು, ದೂರದಲ್ಲೆಲ್ಲೋ ಕಾಲುವೆ ಹರಿದಂತೆ ಕೇಳುತ್ತಿತ್ತು. ಕೇಳುತ್ತ ಕೇಳುತ್ತ ಕಣ್ಣು ಮುಚ್ಚುತ್ತಿದ್ದವು. ಎದ್ದಾಗ ಧಾರವಾಡದ ಹಾಸ್ಟೆಲ್ಲಿನಲ್ಲಿದ್ದೇನೋ ಇಲ್ಲಿದ್ದೇನೋ ಎಂಬುದು ಸ್ವಲ್ಪ ಹೊತ್ತು ತಿಳಿಯುತ್ತಲೇ ಇರಲಿಲ್ಲ. ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದವಳು ನಾನು. ಓದಿದ್ದೆಲ್ಲ ಯಾವುದೋ ಬೇರೆ ಜನ್ಮದ ಮಾತಿನಂತೆ ಮಸುಕಾಗುತ್ತಿತ್ತು.

ಅತ್ತೆಗೆ ಫಾರಂ ಕೋಳಿಗಳ ಮೇಲೆ ಅಂಥ ಮಮತೆಯೇನೂ ಇರಲಿಲ್ಲ. "ಅವಕ್ಕ ಮುಖಾನ ಇಲ್ಲ ನೋಡವಾ. ಒಂದರ ಗುರ್ತು ಹತ್ತಂಗಿಲ್ಲ" ಎನ್ನುತ್ತಿದ್ದರು. ಅವರ ಜೀವ ಇದ್ದದ್ದು ಹಿತ್ತಲಿನ ಜವಾರಿ ಕೋಳಿಗಳಲ್ಲಿ. ಮದುವೆಯಾಗಿ ಐರಣಿಯಿಂದ ಬರುವಾಗ ಅವರ ತಾಯಿ ಬಿದಿರು ಬುಟ್ಟಿಯಲ್ಲಿ ಒಂದು ಹ್ಯಾಟೆಯನ್ನು, ಹೆಣ್ಣುಕೋಳಿಯನ್ನು, ಕೂಡಿಸಿ ಕಳಿಸಿದ್ದರಂತೆ. ಅದರ ಮರಿ, ಆ ಮರಿಯ ಮರಿ ಎಂದು ಸಂತಾನ ಕಡಿಯದೆ ಬಂದಿತ್ತು. ಮುಂಜಾನೆ ಕಾಳು ಚೆಲ್ಲುವಾಗ ಅತ್ತೆ ಅವುಗಳ ಜೊತೆ ತವರಿನ ಸುದ್ದಿ ಮಾತಾಡುತ್ತಿದ್ದರು. ಅದೇ ಕೈಯಲ್ಲಿ ಬುಟ್ಟಿ ಹಿಡಿದು ಶೆಡ್ಡಿಗೆ ಮೊಟ್ಟೆ ಆರಿಸಲು ಹೋಗುತ್ತಿದ್ದರು.

ಒಂದು ಬೇಸಿಗೆಯ ಕೊನೆಯಲ್ಲಿ, ಮಧ್ಯಾಹ್ನದ ನಿದ್ದೆಯಿಂದ ಎದ್ದವಳಿಗೆ ಆ ಕಾಲುವೆಯ ಸದ್ದು ತೆಳ್ಳಗಾಗಿದೆ ಅನಿಸಿತು. ಶೆಡ್ಡಿಗೆ ಹೋಗಿ ನೋಡಿದರೆ ಕೋಳಿಗಳು ರೆಕ್ಕೆ ಇಳಿಬಿಟ್ಟು, ಕುತ್ತಿಗೆ ಒಳಗೆಳೆದುಕೊಂಡು ಕೂತಿದ್ದವು. ಜುಟ್ಟುಗಳು ಬಿಳಿಚಿಕೊಂಡಿದ್ದವು. ಮರುದಿನದಿಂದ ಸಾಯತೊಡಗಿದವು. ಹಕ್ಕಿಜ್ವರದ ಹೆಸರು ಕೇಳಿದರೆ ಜನ ಮೊಟ್ಟೆ ಮುಟ್ಟಲೂ ಹೆದರುತ್ತಿದ್ದ ಕಾಲ ಅದು. ಮಾವ ಊರಲ್ಲಿ ಯಾರಿಗೂ ಹೇಳದೆ ಸತ್ತ ಕೋಳಿಯನ್ನು ಚೀಲದಲ್ಲಿ ಸುತ್ತಿಕೊಂಡು ಹಾವೇರಿಯ ಪಶುವೈದ್ಯರ ಬಳಿಗೆ ಹೊರಟರು. ನಾನೂ ಜೊತೆಗೆ ಹೋದೆ.

ವೈದ್ಯರು ಕೋಳಿಯನ್ನು ಕೊಯ್ದು ತೋರಿಸಿದರು. ಪಿತ್ತಜನಕಾಂಗ ಊದಿಕೊಂಡು, ತಾಮ್ರದ ಪಾತ್ರೆಗೆ ಹಸಿರು ಕಿಲುಬು ಹತ್ತಿದ ಬಣ್ಣಕ್ಕೆ ತಿರುಗಿತ್ತು.

"ಹಕ್ಕಿಜ್ವರ ಅಲ್ರಿ, ಹೆದರಬ್ಯಾಡ್ರಿ. ಇದು ಕೋಳಿ ಟೈಫಾಯ್ಡ್ ಇದ್ದಂಗ ಕಾಣತೈತಿ" ಎಂದರು.

ಅವರು ಮನೆಗೂ ಬಂದು ಕೋಳಿಗಳ ರಕ್ತ ಪರೀಕ್ಷೆ ಮಾಡಿದರು. ಬಿಳಿ ತಟ್ಟೆಯ ಮೇಲೆ ನೇರಳೆ ಬಣ್ಣದ ದ್ರವದ ಹನಿ, ಅದರ ಪಕ್ಕ ರಕ್ತದ ಹನಿ. ಎರಡನ್ನೂ ಕಡ್ಡಿಯಿಂದ ಬೆರೆಸಿ ತಟ್ಟೆಯನ್ನು ಮೆಲ್ಲಗೆ ಅಲುಗಾಡಿಸಿದರೆ, ರೋಗಾಣು ತಗಲಿದ ಕೋಳಿಯದಾಗಿದ್ದರೆ ಹನಿ ಒಡೆದು ಹರಳುಗಟ್ಟುತ್ತದೆ. ಶೆಡ್ಡಿನ ಕೋಳಿಗಳ ಹನಿ ಹರಳುಗಟ್ಟಿತು. ಹಿತ್ತಲಲ್ಲಿ ಚೆನ್ನಾಗಿ ಕೆದರಿಕೊಂಡು ತಿರುಗುತ್ತಿದ್ದ ಜವಾರಿ ಕೋಳಿಗಳದ್ದೂ ಹರಳುಗಟ್ಟಿತು.

ಈ ಪರೀಕ್ಷೆಗೆ ಒಂದು ಮಿತಿ ಇತ್ತು. ಕೋಳಿ ಟೈಫಾಯ್ಡಿನ ರೋಗಾಣುವಿಗೆ ತದ್ರೂಪಿಯಂಥ ಇನ್ನೊಂದು ರೋಗಾಣುವಿದೆ. ಅದು ಮೊಟ್ಟೆಯೊಳಗಿಂದಲೇ ಬಂದು ಎಳೆಮರಿಗಳನ್ನು ಕೊಲ್ಲುತ್ತದೆ. ತಟ್ಟೆಯ ಹನಿಗೆ ಅವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಜಡ್ಡು ಎಲ್ಲಿಂದ ಬಂತೆಂಬುದಂತೂ ತಿಳಿಯುವುದೇ ಇಲ್ಲ. ಮಾವನವರಿಗೆ ಮಾತ್ರ ಅನುಮಾನವಿರಲಿಲ್ಲ. ಮರಿ ತಂದಿದ್ದ ಬ್ಯಾಡಗಿಯ ಹ್ಯಾಚರಿಗೆ ಮೋಟರ್‌ಸೈಕಲ್ ಹತ್ತಿ ಹೋಗಿ, ಅದರ ಮಾಲಕನನ್ನು ನಾಲ್ಕು ಜನರೆದುರು ಬಾಯಿಗೆ ಬಂದಂತೆ ಬೈದು ಬಂದರು.

ಎಂ.ಎಸ್ಸಿ.ಯಲ್ಲಿ ನನಗೆ ಪಾಠ ಮಾಡಿದ ಧಾರವಾಡದ ಮೇಡಂಗೆ ಫೋನು ಮಾಡಿದೆ. ಆಗಷ್ಟೇ ಇಂಥ ರೋಗಾಣುಗಳ ಪೂರ್ತಿ ಜೀನೋಮ್, ಅಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಅವುಗಳ ವಂಶವಾಹಿ, ಯಾರು ಬೇಕಾದರೂ ನೋಡುವಂತೆ ಕಂಪ್ಯೂಟರಿನಲ್ಲಿ ಸಿಗತೊಡಗಿತ್ತು. ಮೇಡಂ ಆ ಎರಡೂ ರೋಗಾಣುಗಳ ಜೀನೋಮ್‌ಗಳನ್ನು ಪಕ್ಕಪಕ್ಕ ಇಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ತುಣುಕುಗಳನ್ನು ಹುಡುಕುವ ಕೆಲಸದಲ್ಲಿದ್ದರು. "ತುಣುಕು ಐತೋ ಇಲ್ಲೋ ನೋಡಿದ್ರ ಎರಡೂ ಬ್ಯಾರೆ ಬ್ಯಾರೆ ಗುರ್ತು ಹಿಡೀಬಹುದು. ಮಾದರಿ ತಗೊಂಡು ನೀನ ಬಾ" ಎಂದರು.

ಬ್ಯಾಡಗಿಗೂ ನಾನೇ ಹೋದೆ. ಹ್ಯಾಚರಿಯ ಮಾಲಕ ಬೈಸಿಕೊಂಡ ನೋವಿನಲ್ಲೇ ಇದ್ದರು. ಆದರೂ, ಮರಿಯಾಗದೆ ಉಳಿದ ಮೊಟ್ಟೆಗಳನ್ನೂ ಸತ್ತ ಎಳೆಮರಿಗಳನ್ನೂ ತಾವೇ ಆರಿಸಿ ಕೊಟ್ಟರು. "ನಮ್ಮಲ್ಲಿದ್ರ ಇದ್ದಂಗ ಹೇಳ್ರಿ ತಂಗಿ. ನನಗೂ ಗೊತ್ತಾಗಬೇಕಲ್ಲ" ಎಂದರು. ಊರ ತುಂಬ ಮೆಣಸಿನಕಾಯಿಯ ಘಾಟು. ಕಣ್ಣು ಒರೆಸಿಕೊಳ್ಳುತ್ತಲೇ ಬಸ್ಸು ಹತ್ತಿದೆ.

ಹೊರಡುವ ಮುಂಜಾನೆ ಅತ್ತೆ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

"ನೀ ಎಲ್ಲಿಗೆ?" ಮಾವ ಕೇಳಿದರು.

"ನನ್ನ ಕೋಳೀದೂ ರಕ್ತ ಒಯ್ಯಾಕತ್ತಾಳ. ಏನಂತಾರ ಅಂತ ನಾನ ಕೇಳ್ತೇನಿ."

ರೈಲಿನಲ್ಲಿ ಐಸು ತುಂಬಿದ ಥರ್ಮೊಕೋಲ್ ಡಬ್ಬಿಯನ್ನು ಅತ್ತೆ ತೊಡೆಯ ಮೇಲೆ ಇಟ್ಟುಕೊಂಡರು. ಎದುರಿನ ಹೆಂಗಸು ಒಳಗೇನಿದೆ ಎಂದು ಕೇಳಿದಾಗ, "ಔಷಧ" ಎಂದು ಕಿಟಕಿಯ ಕಡೆ ತಿರುಗಿದರು. ಹೊರಗೆ ಹತ್ತಿಯ ಹೊಲಗಳು, ಕೆಂಪು ಮಣ್ಣು, ಮತ್ತೆ ಕಪ್ಪು ಮಣ್ಣು ಹಿಂದಕ್ಕೆ ಸರಿಯುತ್ತಿದ್ದವು. ಅತ್ತೆ-ಸೊಸೆ ಇಬ್ಬರೇ ಎಲ್ಲಿಗೋ ಹೋಗುತ್ತಿರುವುದು ಅದೇ ಮೊದಲು. ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಸುಮ್ಮನಿರುವುದೂ ಹಿತವಾಗಿತ್ತು.

ಮೇಡಂ ಅತ್ತೆಗೆ ಕುರ್ಚಿ ಎಳೆದು, "ಬರ್ರಿ, ಇಲ್ಲೆ ಕುಂದರ್ರಿ" ಎಂದು ಕಂಪ್ಯೂಟರಿನ ಮುಂದೆ ಕೂರಿಸಿದರು. ಪರದೆಯ ಮೇಲೆ ಎರಡು ಸಾಲು ಅಕ್ಷರಗಳು ಒಂದರ ಕೆಳಗೊಂದು ಹರಿಯುತ್ತಿದ್ದವು. ಬರೀ ನಾಲ್ಕು ಅಕ್ಷರ, ಮತ್ತೆ ಮತ್ತೆ, ಮುಗಿಯದೆ. ಹೊರಗೆ ಮೋಡ ಕವಿದಿತ್ತು. ಕೋಣೆಯ ತಂಪಿನಲ್ಲಿ ಫ್ಯಾನಿನ ಗುಂಯ್‌ಗುಟ್ಟುವಿಕೆ ಬಿಟ್ಟರೆ ಸದ್ದಿಲ್ಲ. ಅತ್ತೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಅವರ ಮುಖದ ಮೇಲೆ ಆ ಸಾಲುಗಳ ಬೆಳಕು ಆಡುತ್ತಿತ್ತು.

"ಇಷ್ಟೂ ಒಂದು ಹುಳದ ಒಳಗ ಐತೇನು?"

"ಹೂಂ ಅತ್ತಿ."

"ಇಲ್ಲೆ ಯಾಕ ಖಾಲಿ ಬಿಟ್ಟೈತಿ?"

ಸಾಲು ಹರಿಯುತ್ತ ಹರಿಯುತ್ತ ಒಂದು ಕಡೆ ಮೇಲಿನ ಸಾಲಿನಲ್ಲಿ ಅಕ್ಷರಗಳಿದ್ದು, ಕೆಳಗಿನದರಲ್ಲಿ ಬರೀ ಅಡ್ಡಗೆರೆಗಳಿದ್ದವು. ಆ ತುಣುಕು ಕೆಳಗಿನ ರೋಗಾಣುವಿನಲ್ಲಿ ಇಲ್ಲ, ಇಂಥ ಖಾಲಿಗಳೇ ನಮಗೆ ಗುರುತು ಎಂದು ಮೇಡಂ ಹೇಳಿದರು. ಅತ್ತೆ ತಲೆಯಾಡಿಸಿ, ಬೆರಳಿನಿಂದ ಗಾಜನ್ನು ಮುಟ್ಟಿ ನೋಡಿದರು.

ರೋಗಾಣು ಬೆಳೆಯಲು, ಅದರ ಒಳಗಿನದನ್ನು ತೆಗೆದು ಪರೀಕ್ಷಿಸಲು ದಿನಗಳು ಹಿಡಿದವು. ನಾವು ಮೇಡಂ ಮನೆಯಲ್ಲೇ ಉಳಿದೆವು. ಆ ದಿನಗಳು ನನಗೆ ಈಗಲೂ ಮಂಜಿನೊಳಗಿಂದ ಕಂಡಂತೆ ನೆನಪಾಗುತ್ತವೆ: ಗಾಜಿನ ತಟ್ಟೆಗಳಲ್ಲಿ ರೋಗಾಣು ಸಣ್ಣ ಸಣ್ಣ ಚುಕ್ಕೆಗಳಾಗಿ ಮೂಡುತ್ತಿದ್ದದ್ದು, ಲ್ಯಾಬಿನ ಮೆಟ್ಟಿಲ ಮೇಲೆ ಅತ್ತೆ ಎಲೆ-ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದದ್ದು, ಬಿಟ್ಟು ಬಿಟ್ಟು ಬರುತ್ತಿದ್ದ ಧಾರವಾಡದ ಜಿಟಿಜಿಟಿ ಮಳೆ.

ಕೊನೆಗೆ ಕತ್ತಲೆ ಮಾಡಿದ ಕೋಣೆಯಲ್ಲಿ ನೇರಳೆ ಬೆಳಕಿನ ಮೇಲೆ ಫಲಿತಾಂಶ ಕಂಡಿತು. ತುಣುಕು ಇದ್ದ ಕಡೆ ಹೊಳೆಯುವ ಪಟ್ಟಿ, ಇಲ್ಲದ ಕಡೆ ಕತ್ತಲೆ. ನಮ್ಮದು ಕೋಳಿ ಟೈಫಾಯ್ಡಿನ ರೋಗಾಣುವೇ. ಆದರೆ ಜೀನೋಮ್ ಗೊತ್ತಿದ್ದ ಎರಡೂ ರೋಗಾಣುಗಳಲ್ಲಿ ಇದ್ದ ಒಂದು ತುಣುಕು ನಮ್ಮ ಶೆಡ್ಡಿನದರಲ್ಲಿ ಇರಲಿಲ್ಲ. ಜವಾರಿ ಕೋಳಿಯಿಂದ ಸಿಕ್ಕಿದ್ದರಲ್ಲೂ ಅದೇ ಜಾಗ ಕತ್ತಲೆಯಾಗಿತ್ತು. ಹ್ಯಾಚರಿಯ ಮೊಟ್ಟೆ, ಮರಿಗಳಲ್ಲಿ ಆ ಎರಡು ರೋಗಾಣುಗಳ ಪೈಕಿ ಯಾವುದೂ ಸಿಗಲಿಲ್ಲ.

"ಅಂದ್ರ ನನ್ನ ಕೋಳೀದೂ ಶೆಡ್ಡಿನ ಕೋಳೀದೂ ಜಡ್ಡು ಒಂದ."

"ಒಂದ ಅತ್ತಿ. ಜವಾರಿ ಕೋಳಿ ತಡಕೊಂಡಾವು. ಆದ್ರ ಒಳಗ ಇಟ್ಕೊಂಡಾವು."

"ಯಾವ ಕಡಿಂದ ಯಾವ ಕಡಿಗಿ ಹೋತು? ಅದನ್ನ ಅಕ್ಷರ ಹೇಳ್ತಾವೇನು?"

ನಾನು ಮೇಡಂ ಮುಖ ನೋಡಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. "ಎರಡೂ ಒಂದ ಅಂತ ಅಷ್ಟ ಹೇಳ್ತಾವ್ರಿ. ಮೊದಲು ಯಾರಿಗೆ ಬಂತು ಅಂತ ಹೇಳಂಗಿಲ್ಲ" ಎಂದರು.

ಹಿತ್ತಲಲ್ಲಿ ಕಾಳು ಚೆಲ್ಲಿ ಶೆಡ್ಡಿನಲ್ಲಿ ಮೊಟ್ಟೆ ಆರಿಸುತ್ತಿದ್ದ ತಮ್ಮ ಎರಡೂ ಅಂಗೈಗಳನ್ನು ಅತ್ತೆ ತಿರುಗಿಸಿ ನೋಡಿಕೊಂಡರು.

ಮನೆಗೆ ಬಂದು ಮಾವನವರಿಗೆ ಎಲ್ಲ ಹೇಳಿದೆವು. ಶೆಡ್ಡು ಖಾಲಿ ಮಾಡಿ, ತೊಳೆದು, ಸುಣ್ಣ ಬಳಿದು ಹೊಸದಾಗಿ ಶುರು ಮಾಡುವುದು ಮಾತ್ರ ಉಳಿದಿತ್ತು. ಜವಾರಿ ಕೋಳಿಗಳ ಮಾತು ಬಂದಾಗ ಮಾವ ಹೆಂಡತಿಯ ಮುಖ ನೋಡಲಾರದೆ, "ಅವನ್ನ ಯಾರರ ಮನೀಗೆ ಕಳಿಸಿಬಿಡೂಣು. ಕಾಗಿನೆಲಿ ಕಡೆ ನಮ್ಮವರದ ಹೊಲ ಐತಿ" ಎಂದರು.

"ಅವರ ಮನ್ಯಾಗ ಕೋಳಿ ಇಲ್ಲೇನು? ಬ್ಯಾಡ. ಡಾಕ್ಟರನ್ನ ಕರೀರಿ" ಎಂದರು ಅತ್ತೆ.

ಆಮೇಲೆ ನನ್ನನ್ನು ಹಿತ್ತಲಿಗೆ ಕರೆದರು. ಅಲ್ಲಿ ಹಳೆಯ ಬುಟ್ಟಿಯಲ್ಲಿ ಕಂದು ಬಣ್ಣದ ಹ್ಯಾಟೆಯೊಂದು ಕಾವಿಗೆ ಕೂತಿತ್ತು. ಅತ್ತೆ ಅದರ ಹೊಟ್ಟೆಯ ಕೆಳಗೆ ಕೈ ಹಾಕಿ ಒಂದು ಮೊಟ್ಟೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಬೆಚ್ಚಗಿತ್ತು.

"ತಾಯಿ ಹೋಗ್ಲಿ. ಇವನ್ನರ ಉಳಸ್ಲಿಕ್ಕೆ ಬರತೈತೇನು? ಖರೇ ಹೇಳು."

ರೋಗ ಮೊಟ್ಟೆಯೊಳಗೂ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಹೌದು ಅನ್ನಬೇಕೆನಿಸಿತು. "ಇಲ್ರಿ ಅತ್ತಿ" ಎಂದೆ. ಅವರು ಮೊಟ್ಟೆಯನ್ನು ತಿರುಗಿ ತೆಗೆದುಕೊಂಡು ಹ್ಯಾಟೆಯ ಕೆಳಗೇ ಇಟ್ಟು, ಅದರ ಬೆನ್ನು ಸವರಿದರು. "ಆತು. ನಾಳೆತನಕ ಕುಂದರ್ಲಿ" ಎಂದರು.

ಮರುದಿನ ಹಾವೇರಿಯ ವೈದ್ಯರು ಬಂದು ಕೋಳಿಗಳಿಗೆ ನೋವಾಗದಂತೆ ಕೆಲಸ ಮುಗಿಸಿದರು. ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು. ಅತ್ತೆ ಕೊನೆಯವರೆಗೂ ನಿಂತು ನೋಡಿ, ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದರು. ಅವತ್ತು ಅವರು ಬಡಿದ ರೊಟ್ಟಿ ಮನೆಮಂದಿಯೆಲ್ಲ ತಿಂದರೂ ಮುಗಿಯಲಿಲ್ಲ.

ಅದೇ ವಾರ ಮಾವ ಬ್ಯಾಡಗಿಗೆ ಹೋಗಿ ಹ್ಯಾಚರಿಯ ಮಾಲಕನ ಎರಡೂ ಕೈ ಹಿಡಿದುಕೊಂಡು ತಪ್ಪಾಯಿತೆಂದು ಹೇಳಿ ಬಂದರು. ಶೆಡ್ಡಿಗೆ ಮತ್ತೆ ಮರಿಗಳು ಬಂದದ್ದು ಅಲ್ಲಿಂದಲೇ. ಶೆಡ್ಡಿನ ಬಾಗಿಲಲ್ಲಿ ಕಾಲು ತೊಳೆದು ಬೇರೆ ಚಪ್ಪಲಿ ಹಾಕಿಕೊಳ್ಳದೆ ಯಾರಾದರೂ ಒಳಗೆ ಹೋದರೆ ಅತ್ತೆ ಅಂಗಳದಿಂದಲೇ ಕೂಗುತ್ತಿದ್ದರು.

ಮಳೆ ನಿಂತ ಮೇಲೆ ಒಂದು ದಿನ ಅತ್ತೆ, "ಐರಣಿಗಿ ಹೋಗೂಣು ನಡಿ. ಡಾಕ್ಟರ ಕಡಿಂದ ಆ ನೇರಳಿ ಔಷಧ ತಗೋ" ಎಂದರು. ತವರಿನಲ್ಲಿ ಅವರ ತಮ್ಮನ ಮನೆಯ ಕೋಳಿಗಳೂ ಅದೇ ಮೂಲದವು. ಅವಕ್ಕೂ ಜಡ್ಡಿದೆಯೋ ಎಂಬ ಚಿಂತೆ ಅವರಿಗೆ ಹತ್ತಿತ್ತು. ಹೊಳೆ ದಂಡೆಯ ಆ ಮನೆಯ ಅಂಗಳದಲ್ಲಿ ಅತ್ತೆ ಒಂದೊಂದೇ ಕೋಳಿಯನ್ನು ಹಿಡಿದು ಕೊಟ್ಟರು. ನಾನು ರೆಕ್ಕೆಯಿಂದ ಹನಿ ರಕ್ತ ತೆಗೆದು ತಟ್ಟೆಯ ಮೇಲೆ ಬೆರೆಸಿದೆ. ತಟ್ಟೆ ಅಲುಗಾಡಿಸುತ್ತ ಇಬ್ಬರೂ ಬಗ್ಗಿ ನೋಡಿದೆವು. ಹನಿ ಒಡೆಯಲಿಲ್ಲ. ಇನ್ನೊಂದೂ ಒಡೆಯಲಿಲ್ಲ. ಕೊನೆಯದೂ ನುಣ್ಣಗೆ ಹಾಗೆಯೇ ಉಳಿಯಿತು.

ತಮ್ಮನ ಹೆಂಡತಿ, "ಒಂದು ಜೋಡಿ ಒಯ್ಯಿರಿ ಅಕ್ಕಾರ" ಎಂದಳು.

"ಬ್ಯಾಡವಾ. ಶೆಡ್ ಇರೂ ತನಕ ಅಲ್ಲೆ ಬ್ಯಾಡ. ಇಲ್ಲೇ ಬಂದು ನೋಡಿ ಹೋಗ್ತೇನಿ."

ಅತ್ತೆ ಕಾಳು ಕೇಳಿ ಇಸಿದುಕೊಂಡು, ಕೋಳಿಗಳ ನಡುವೆ ಕೂತು, ಮುಷ್ಟಿಯಿಂದ ಸ್ವಲ್ಪ ಸ್ವಲ್ಪವೇ ಉದುರಿಸಿದರು. ಹೊಳೆಯ ಮೇಲಿನ ಬೆಳಕು ಹಳದಿಗೆ ತಿರುಗುವವರೆಗೆ ಅಲ್ಲಿಂದ ಏಳಲಿಲ್ಲ. ಬಸ್ಸಿನ ಹೊತ್ತಿಗೆ ತಮ್ಮ ಅವರ ಸೆರಗಿಗೆ ಹಸಿ ಶೇಂಗಾ ಸುರಿದ. ರಾಣೆಬೆನ್ನೂರು ಮುಟ್ಟುವವರೆಗೂ ಇಬ್ಬರೂ ಅದನ್ನೇ ಸುಲಿದು ತಿನ್ನುತ್ತ ಬಂದೆವು.