ಬೆಂಕಿ ಪರದೆಯ ಆಚೆ ಕಡೆ

ನಾನು ಕೆಲಸ ಮಾಡುವ ಸಮುದಾಯ ಭವನದ ಒಳಗೆ ಗೋಡೆಗಳೇ ಇಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಅದನ್ನು ಕಟ್ಟಿಸುವಾಗ ಸಮಿತಿಯವರು ಹಟ ಹಿಡಿದಿದ್ದರಂತೆ, ಮಂಟಪ, ಊಟದ ಜಾಗ, ಅಡುಗೆಮನೆ ಎಲ್ಲವೂ ಒಂದೇ ಬಯಲಿನ ಹಾಗೆ ಕಾಣಬೇಕು ಎಂದು. ಹಾಗಾಗಿ ಧಾರೆ ನೋಡುತ್ತಾ ಕೂತವರಿಗೆ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳುವುದೂ ಕಾಣುತ್ತದೆ. ನಮ್ಮಲ್ಲಿ ಅಕ್ಷತೆ ಬೀಳುವ ಮುಂಚೆಯೇ ಜನ ಎದ್ದು ಊಟಕ್ಕೆ ನುಗ್ಗುವುದಕ್ಕೆ ಇದೇ ಕಾರಣ ಎಂದು ನನ್ನ ಗುಮಾನಿ.

ಅಲ್ಲಿ ನಾನು ಮೇಲ್ವಿಚಾರಕಿ. ಬುಕಿಂಗು, ಕರೆಂಟು, ನೀರು, ಕುರ್ಚಿ, ಅದಲು ಬದಲಾದ ಚಪ್ಪಲಿ, ಎಲ್ಲ ನನ್ನ ತಲೆಗೇ. ನಮ್ಮವ್ವ ಅದೇ ಭವನದಲ್ಲಿ ಅಡುಗೆಯವರ ಜೊತೆ ತರಕಾರಿ ಹೆಚ್ಚಲು, ಪಾತ್ರೆ ತೊಳೆಯಲು ಬರುತ್ತಾಳೆ. ಕುದೇರಿನಿಂದ ಇಬ್ಬರೂ ಒಂದೇ ಬಸ್ಸು ಹತ್ತುತ್ತೇವೆ. ಭವನದ ಗೇಟು ದಾಟಿದ ಮೇಲೆ ನಾನು ಆಫೀಸಿಗೆ, ಅವಳು ಅಡುಗೆಮನೆಗೆ.

ಗೊತ್ತಿಲ್ಲದ್ದೊಂದು ಕಣ್ಣಿಗೆ ಬಿದ್ದರೆ ಕೇಳದೆ ಬಿಡುವ ಜಾಯಮಾನ ನನ್ನದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಡುಗೆಮನೆಯ ಮುಂದೆ, ಚಾವಣಿಯಲ್ಲಿ, ಈ ಗೋಡೆಯಿಂದ ಆ ಗೋಡೆಯವರೆಗೆ ಬೈತಲೆ ತೆಗೆದ ಹಾಗೆ ನೇರವಾದ ಒಂದು ಸೀಳು ಕಂಡಿತು. ಎಲೆಕ್ಟ್ರಿಷಿಯನ್ನನ್ನು ಕೇಳಿದರೆ "ಏಸಿ ಗಾಳಿಗಿರ್ಬೇಕು" ಅಂದ. ಸಮಿತಿಯ ಹಿರಿಯರೊಬ್ಬರು ತಲೆ ಎತ್ತಿ ನೋಡಿ "ಡಿಸೈನು ಕಣಮ್ಮ ಅದು" ಅಂದರು. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ಊಟ ಮಾಡುವಾಗಲೂ ಅದರ ಕೆಳಗೇ ಕೂತು ಮೇಲೆ ನೋಡುತ್ತಿದ್ದೆ.

ಮೈಸೂರಿನಿಂದ ಎಂಜಿನಿಯರ್ ಒಬ್ಬರು ಸರ್ವಿಸಿಗೆಂದು ಬಂದಾಗ ಗುಟ್ಟು ಬಯಲಾಯಿತು. ಆ ಸೀಳಿನ ಮೇಲೆ ಉದ್ದನೆಯ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಸುತ್ತಿಟ್ಟ ಪರದೆ. ಗಾಜಿನ ನೂಲಿನಿಂದ ನೇಯ್ದ ಬಟ್ಟೆಯಂತೆ, ನಡುನಡುವೆ ಉಕ್ಕಿನ ಎಳೆ. ಹೊಗೆ ಕಂಡು ಗಂಟೆ ಹೊಡೆದುಕೊಂಡರೆ ಪರದೆ ತಾನಾಗಿ ಇಳಿದು ನೆಲಕ್ಕೆ ತಾಗಿ ಕೂರುತ್ತದೆ. ಬೆಂಕಿ, ಹೊಗೆ ಅಡುಗೆಮನೆಯ ಕಡೆಯೇ ನಿಲ್ಲುತ್ತವೆ. ಹಾಲಿನಲ್ಲಿದ್ದ ಜನ ನೂಕುನುಗ್ಗಲಿಲ್ಲದೆ ಹೊರಗೆ ಹೋಗಲು ಹೊತ್ತು ಸಿಗುತ್ತದೆ.

"ಇಲ್ಲೊಂದು ಗೋಡೆ ಇರಬೇಕಿತ್ತು ಮೇಡಂ. ನಿಮ್ಮವರು ಬೇಡ ಅಂದ್ರು. ಅದಕ್ಕೆ ಗೋಡೆನೇ ಸುತ್ತಿ ಮೇಲಿಟ್ಟಿದ್ದೀವಿ" ಅಂದರು.

ಅದನ್ನು ಮುಟ್ಟಿ ನೋಡದೆ ಇರಲು ನನ್ನಿಂದ ಆಗಲಿಲ್ಲ. ಏಣಿ ಹಾಕಿಸಿಕೊಂಡು ಹತ್ತಿದೆ. ತಣ್ಣಗಿತ್ತು, ಒರಟಾಗಿತ್ತು, ಬೆರಳು ಎಳೆದರೆ ಸರ್ರೆಂದು ಜಾರುತ್ತಲೂ ಇತ್ತು. ರೇಷ್ಮೆ ಸೀರೆಗೂ ಗೋಣಿಚೀಲಕ್ಕೂ ಹುಟ್ಟಿದ್ದು ಅನ್ನಿಸಿ ನಗು ಬಂತು. ಇಷ್ಟು ದಿನ ತಲೆಯ ಮೇಲೆ ಒಂದು ಗೋಡೆ ಮಲಗಿತ್ತು, ನಮಗೆ ಗೊತ್ತೇ ಇರಲಿಲ್ಲ.

ಅವತ್ತು ಬಸ್ಸಿನಲ್ಲಿ ಅವ್ವನಿಗೆ ಕೈ ಬಾಯಿ ಎಲ್ಲ ಆಡಿಸಿ ವಿವರಿಸಿದೆ. ಅವಳು ಕಿಟಕಿಯ ಆಚೆ ನೋಡುತ್ತಲೇ ಕೇಳಿಸಿಕೊಂಡಳು.

"ಬೆಂಕಿ ಅತ್ಕಳದು ಎಲ್ಲಿ?" ಅಂದಳು.

"ಅಡುಗೆಮನೇಲಿ."

"ಪರದೆ ಬೀಳದು?"

"ಅಡುಗೆಮನೆ ಮುಂದ್ಕೆ."

"ಅಂಗಾರೆ ನಾನೆಲ್ಲಿರ್ತೀನಿ ಕಣಮ್ಮಿ?"

ಅದನ್ನು ನಾನು ಎಂಜಿನಿಯರನ್ನು ಕೇಳಿಯೇ ಇರಲಿಲ್ಲ. ಇಳಿಯುವಾಗ ಅವಳು ಚೀಲ ಎತ್ತಿಕೊಂಡು "ಅವ್ರ ಕೇಳ್ಬುಟ್ಟು ನಂಗೂ ಏಳು" ಅಂದಳು, ಅಷ್ಟೇ.

ಮಾರನೆಯ ದಿನವೇ ಎಂಜಿನಿಯರಿಗೆ ಫೋನು ಮಾಡಿದೆ. ಅವರು ನಕ್ಕರು. "ಅಡುಗೆಮನೆಗೆ ಹಿಂದಿನ ಬಾಗಿಲು ಇದೆಯಲ್ಲ ಮೇಡಂ. ಅದು ಇರೋದೇ ಅದಕ್ಕೆ." ಹೋಗಿ ನೋಡಿದೆ. ಹೌದು, ಅಡುಗೆಮನೆಯ ಹಿಂದೆ ಸಣ್ಣ ಓಣಿ, ಅದರ ಒಂದು ಬದಿಗೆ ದಿನಸಿ ಇಡುವ ಉಗ್ರಾಣ, ಕೊನೆಗೆ ಕಬ್ಬಿಣದ ಬಾಗಿಲು, ಮೇಲೆ ಓಡುತ್ತಿರುವ ಮನುಷ್ಯನ ಹಸಿರು ಬೋರ್ಡು. ಬಾಗಿಲು ತೆರೆದೇ ಇತ್ತು, ಒಂದು ನಾಯಿ ಹೊಸ್ತಿಲಲ್ಲಿ ಮಲಗಿತ್ತು. ನನ್ನ ಎದೆ ಹಗುರಾಯಿತು. ಅವ್ವನಿಗೆ ಹೇಳಿದೆ. "ಸರಿ ಬುಡು" ಅಂದಳು.

ಅಲ್ಲಿಂದಾಚೆಗೆ ಆ ಸೀಳಿನ ಕಾವಲು ನನ್ನದಾಯಿತು. ಅದರ ಕೆಳಗೆ ಬಫೆ ಟೇಬಲ್ ಇಡಲು ಬಿಡುತ್ತಿರಲಿಲ್ಲ. ನೆಲಕ್ಕೆ ಹಳದಿ ಟೇಪು ಅಂಟಿಸಿದೆ. ಗುಂಡ್ಲುಪೇಟೆ ಕಡೆಯಿಂದ ಮಂಟಪ ಅಲಂಕಾರಕ್ಕೆ ಬರುವವರಿಗೆ ಸೀಳು ಕಂಡರೆ ಖುಷಿ. ಲಾರಿಗಟ್ಟಲೆ ಚೆಂಡುಹೂವು ಕೇರಳಕ್ಕೆ ಹೋಗುವ ಊರಿನವರು, ಹೂವಿಗೆ ಬರವಿಲ್ಲ. ಅದರೊಳಗೆ ಕೊಕ್ಕೆ ಸಿಕ್ಕಿಸಿ ಸಾಲಾಗಿ ಮಾಲೆ ಇಳಿಬಿಡುತ್ತಿದ್ದರು. ನಾನು ಬಿಚ್ಚಿಸುತ್ತಿದ್ದೆ. "ಈ ಮೇಡಮ್ಮಿಗೆ ಹೂವಂದ್ರೆ ಆಗಲ್ಲ ಕಣ್ಲಾ" ಎಂದು ಅವರಲ್ಲೇ ಮಾತು. ಅಂದುಕೊಳ್ಳಲಿ.

ಆದರೂ ಪರದೆ ಇಳಿಯುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ತೀರಿರಲಿಲ್ಲ. ಎಂಜಿನಿಯರ್ ಮತ್ತೆ ಬಂದದ್ದು ಒಂದು ಮದುವೆಯ ಹಿಂದಿನ ದಿನ, ಮಧ್ಯಾಹ್ನ. ಹಂಗಳದ ಹೆಣ್ಣಿನ ಕಡೆಯವರು ಆಗಲೇ ಬಂದು ಇಳಿದಿದ್ದರು. ಖಾಲಿ ಹಾಲಿನಲ್ಲಿ ಯಾಕೆ, ಜನ ಇರುವಾಗಲೇ ಇಳಿಸಿ ತೋರಿಸಿ ಎಂದು ದುಂಬಾಲು ಬಿದ್ದೆ. ಒಲೆ ಆರಿಸಿದ ಹೊತ್ತು; ಅಡುಗೆಯವರು ಟೀ ಕುಡಿಯಲು ಎದ್ದಿದ್ದರು. ಆಚೆ ಕಡೆ ಯಾರಾದರೂ ಒಬ್ಬರು ನಿಂತು, ಪರದೆ ಬಿದ್ದ ಮೇಲೆ ಹಿಂದಿನ ಬಾಗಿಲಿನಿಂದ ಸುತ್ತಿ ಮುಂದಕ್ಕೆ ಬರಬೇಕು ಅಂದೆ. "ನಾನೇ ನಿಂತ್ಕತೀನಿ" ಅಂದಳು ಅವ್ವ.

ಹೆಣ್ಣಿನ ಸೋದರಮಾವನವರು ಮುಂದಿನ ಸಾಲಿನಲ್ಲೇ ಬಂದು ನಿಂತರು. ನಮ್ಮ ಕಡೆ ಮದುವೆಯ ಉಗ್ರಾಣ ನೋಡಿಕೊಳ್ಳುವುದು ನಂಬಿಕಸ್ಥರ ಕೆಲಸ, ದೊಡ್ಡ ಮರ್ಯಾದೆ. ಅಕ್ಕಿ, ಬೆಲ್ಲ, ಎಣ್ಣೆ, ಕಾಯಿ ಎಲ್ಲಕ್ಕೂ ಅವರೇ ಹೊಣೆ. ಈ ಮದುವೆಗೆ ಅದು ಮಾವನವರ ಪಾಲಿಗೆ ಬಂದಿತ್ತು. ಕೀಲಿಗೊಂಚಲನ್ನು ಸೊಂಟದ ಪಂಚೆಗೆ ಸಿಕ್ಕಿಸಿಕೊಂಡು, ನಡೆದಲ್ಲೆಲ್ಲ ಝಣಝಣ ಅನ್ನಿಸುತ್ತಿದ್ದರು.

ಗಂಟೆ ಹೊಡೆಯಿತು. ಸೀಳು ಬಾಯಿ ಬಿಟ್ಟಿತು. ಬೂದು ಬಣ್ಣದ ಪರದೆ ಆತುರವಿಲ್ಲದೆ, ಒಂದೇ ಸಮ ಇಳಿಯಿತು. ಮೊದಲು ಒಲೆಗಳ ಮೇಲಿನ ಚಿಮಣಿ ಮರೆಯಾಯಿತು, ಆಮೇಲೆ ಅವ್ವನ ಮುಖ, ಕೊನೆಗೆ ಅವಳ ಪಾದ. ಕೆಳಗಿನ ಪಟ್ಟಿ ನನ್ನ ಹಳದಿ ಟೇಪಿನ ಮೇಲೆಯೇ ಬಂದು ಕೂತಿತು. ಬೆರಳು ತೂರುವಷ್ಟು ಸಂದೂ ಇಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ನಾನಂತೂ ಕೈ ಕೆಂಪಾಗುವಷ್ಟು ಹೊಡೆದೆ. ಅಷ್ಟು ಸಂತೋಷವಾಗಿತ್ತು.

ಆಮೇಲೆ ಎಲ್ಲರೂ ಮುಂಬಾಗಿಲ ಕಡೆ ತಿರುಗಿದೆವು. ಅವ್ವ ಬರಲಿಲ್ಲ. ಮಂಡಿನೋವು, ನಿಧಾನವಾಗಿ ಬರುತ್ತಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಪರದೆಯ ಆಚೆಯಿಂದ ಅವಳ ದನಿ, ಕಂಬಳಿ ಹೊದ್ದು ಮಾತಾಡಿದ ಹಾಗೆ.

"ಬಾಗ್ಲು ಬೀಗ ಆಕವ್ರೆ ಕಣಮ್ಮಿ."

ನಾನು ಮಾವನವರ ಸೊಂಟ ನೋಡಿದೆ. ಅವರೂ ತಮ್ಮ ಸೊಂಟವನ್ನೇ ಮುಟ್ಟಿಕೊಂಡರು. ಉಗ್ರಾಣ ಇರುವುದು ಆ ಓಣಿಯಲ್ಲಿ. ಉಗ್ರಾಣದ ಜೊತೆಗೆ ಹೊರಬಾಗಿಲಿಗೂ ಹೊರಗಿನಿಂದ ಬೀಗ ಜಡಿದಿದ್ದರು.

"ಆಕ್ದೆ ಬುಟ್ರೆ ಎಣ್ಣೆ ಡಬ್ಬಕ್ಕೆ ಕಾಲು ಬತ್ತದೆ ಕಣವ್ವ" ಎಂದು ನಕ್ಕರು. "ಈಗೇನು, ಬೆಂಕಿ ಬಿದ್ದದಾ? ಆ ಪರದೆಯ ಎತ್ತಿಸ್ಬುಡು."

ಎಂಜಿನಿಯರ್ ಸ್ವಿಚ್ಚಿಗೆ ಕೈ ಹಾಕಿದರು. ನನಗೆ ಎಲ್ಲಿಂದ ಬಂತೋ ಸಿಟ್ಟು. "ಬೆಂಕಿ ಇದ್ದಿದ್ರೆ ಎತ್ತುತ್ತಿದ್ರಾ ಸರ್?" ಅಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಮಾವನವರ ಕಡೆ ತಿರುಗಿದೆ. "ಕೀಲಿ ನಿಮ್ಮ ಸೊಂಟದಲ್ಲೇ ಅದೆ. ನಮ್ಮವ್ವ ಒಳಗವಳೆ. ನಡೀರಿ ಯಜಮಾನ್ರೇ."

ಅವರ ನಗು ನಿಂತಿತು. ಪಂಚೆ ಎತ್ತಿ ಕಟ್ಟಿ ಓಡಿದರು, ಹಿಂದೆ ನಾನು. ಮುಂಬಾಗಿಲು ದಾಟಿ, ಶಾಮಿಯಾನದ ಹಗ್ಗಗಳನ್ನು ದಾಟಿ, ನೀರಿನ ಟ್ಯಾಂಕರು ಅಡ್ಡ ನಿಂತಿದ್ದ ಕಡೆ ಗೋಡೆಗೆ ಒತ್ತಿಕೊಂಡು ನುಸುಳಿ ಹಿಂದಕ್ಕೆ ಬಂದೆವು. ಆ ಭವನ ಅಷ್ಟು ದೊಡ್ಡದು ಎಂದು ನನಗೆ ಅವತ್ತೇ ಗೊತ್ತಾದದ್ದು. ಬೀಗದ ಮುಂದೆ ಅವರಿಗೆ ಗೊಂಚಲಿನಲ್ಲಿ ಯಾವ ಕೀಲಿ ಎಂದು ತಿಳಿಯಲಿಲ್ಲ. ಒಂದು ಹಾಕಿದರು, ಇನ್ನೊಂದು ಹಾಕಿದರು. ಹೊಗೆಯಿಲ್ಲ, ಉರಿಯಿಲ್ಲ, ಆದರೂ ಅವರು ಹಾಕಿದ ಕೀಲಿಯನ್ನೇ ಮತ್ತೆ ಹಾಕಿದರು. ನನಗೂ ಭಯವಾಗಿತ್ತು.

ಬಾಗಿಲು ತೆರೆದಾಗ ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದಳು. "ಟೀ ಉಳ್ಸವ್ರಾ?" ಅಂದಳು. ಮಾವನವರು ಬೀಗವನ್ನು ಜೇಬಿಗೆ ಹಾಕಿಕೊಂಡರು.

ಮಾರನೆಯ ದಿನ ಮದುವೆ ಮುಗಿಯುವವರೆಗೂ ಆ ಬಾಗಿಲು ತೆರೆದೇ ಇತ್ತು. ಮಾವನವರು ಬೆಳಿಗ್ಗೆಯೇ ಕುರ್ಚಿ ತಂದು ಸರಿಯಾಗಿ ಬಾಗಿಲ ನಡುವೆ ಹಾಕಿಕೊಂಡು ಕೂತಿದ್ದರು. "ನೀವೇ ಬೀಗ ಆದ್ರಲ್ಲ" ಎಂದು ರೇಗಿಸಿ ಪಕ್ಕಕ್ಕೆ ಎಬ್ಬಿಸಿದೆ. ಹೆಣ್ಣನ್ನು ಮಂಟಪಕ್ಕೆ ಕರೆತರುವ ಹೊತ್ತಿಗೆ ಮಾತ್ರ ತಮ್ಮ ಮಗನನ್ನು ಅಲ್ಲಿ ಕೂರಿಸಿ ಓಡಿ ಬಂದು, ಮತ್ತೆ ಓಡಿ ಹೋದರು. ಎಣ್ಣೆ ಡಬ್ಬ ಒಂದೂ ಅಲ್ಲಾಡಲಿಲ್ಲ. ಈಗ ಬುಕಿಂಗಿಗೆ ಬಂದವರಿಗೆ ನಾನು ಮೊದಲು ಹೇಳುವುದೇ ಆ ಬಾಗಿಲಿನ ವಿಷಯ.

ಆ ಮದುವೆಯ ಸಾಯಂಕಾಲ ಬಸ್ಸಿನಲ್ಲಿ ನನ್ನ ಹಳೆಯ ಚಾಳಿ ಸುಮ್ಮನಿರಲಿಲ್ಲ. ಪರದೆಯನ್ನು ಈ ಕಡೆಯಿಂದ ನೋಡಿದವರು ನೂರಾರು ಜನ. ಆ ಕಡೆಯಿಂದ ನೋಡಿದವಳು ಅವಳೊಬ್ಬಳೇ.

"ಒಳಗಡೆ ಎಂಗಿತ್ತವ್ವ? ಕತ್ತಲಾಯ್ತಾ?"

"ಕತ್ಲೇನಿಲ್ಲ, ಲೈಟಿತ್ತಲ್ಲ. ಓಗಿ ಬಾಗ್ಲ ಎಳುದ್ ನೋಡ್ದೆ, ಬರ್ನಿಲ್ಲ. ಆಗ್ಲೂ ನೀವೆಲ್ಲ ಚಪ್ಪಾಳೆ ವಡೀತಾನೆ ಇದ್ರಿ."

"ಅಲ್ಲಿಗೂ ಕೇಳುಸ್ತಾ?"

"ಚೆಂದಾಗಿ ಕೇಳುಸ್ತು" ಅಂದಳು ಅವ್ವ.